ಉಪನಗರ ರೈಲಿಗೆ ಹಣ ಹೂಡುವ ಕ್ರಮ: ವೇಳಾಪಟ್ಟಿ ಮೊದಲು, ಕಾಂಕ್ರೀಟು ಆಮೇಲೆ

ಉಪನಗರ ರೈಲಿನ ಯಾವುದೇ ಯೋಜನಾ ವರದಿ ಕೈಗೆ ಬಂದರೂ, ಅದರಲ್ಲಿ ವೇಳಾಪಟ್ಟಿ ಇದೆಯೇ ಎಂದು ನಾನು ಮೊದಲು ಹುಡುಕುತ್ತೇನೆ. ಸುರಂಗದ ಉದ್ದ, ನಿಲ್ದಾಣಗಳ ನೀಲನಕ್ಷೆ, ಬೋಗಿಗಳ ಬಣ್ಣದ ಚಿತ್ರ ಎಲ್ಲವೂ ಸಾಮಾನ್ಯವಾಗಿ ಇರುತ್ತವೆ. ಆದರೆ ಬೆಳಿಗ್ಗೆ ಹನ್ನೊಂದೂಕಾಲಕ್ಕೆ ಯಾವುದೋ ನಡುವಿನ ನಿಲ್ದಾಣದಲ್ಲಿ ನಿಂತವರಿಗೆ ಮುಂದಿನ ರೈಲು ಎಷ್ಟು ಹೊತ್ತಿಗೆ ಸಿಗುತ್ತದೆ ಎಂಬ ವಿಷಯ ಮಾತ್ರ ಇರುವುದಿಲ್ಲ, ಇದ್ದರೂ ಕೊನೆಯ ಅನುಬಂಧದಲ್ಲೆಲ್ಲೋ ಅಡಗಿ ಕುಳಿತಿರುತ್ತದೆ. ಪ್ರಯಾಣಿಕರು ಕೊಳ್ಳುವುದು ಸುರಂಗವನ್ನಲ್ಲ, ಹೊತ್ತಿಗೆ ಸರಿಯಾಗಿ ಬರುವ ರೈಲನ್ನು. ಆದ್ದರಿಂದ ಹಣ ಎಲ್ಲಿ ಹೂಡಬೇಕೆಂಬುದನ್ನು ಓಡಿಸಬೇಕಾದ ವೇಳಾಪಟ್ಟಿಯಿಂದ ಹಿಂದಕ್ಕೆ ಲೆಕ್ಕಹಾಕುತ್ತಾ ಹೋಗಬೇಕು. ಇದನ್ನು ಮಾಡುವ ಬಗೆಯನ್ನು ಯೋಜನೆ ರೂಪಿಸುವ ಅಧಿಕಾರಿಗಳಿಗೂ, ಅದಕ್ಕೆ ಮಂಜೂರಾತಿ ಕೊಡುವ ಜನಪ್ರತಿನಿಧಿಗಳಿಗೂ, ಅದನ್ನು ಪ್ರಶ್ನಿಸಬೇಕೆಂದಿರುವ ನಾಗರಿಕರಿಗೂ ಉಪಯೋಗವಾಗುವಂತೆ ಇಲ್ಲಿ ವಿವರಿಸಿದ್ದೇನೆ.

ಜರ್ಮನ್ ಮಾತನಾಡುವ ನಾಡುಗಳ ರೈಲ್ವೆ ಯೋಜಕರಲ್ಲಿ ಒಂದು ಸೂತ್ರ ಬಳಕೆಯಲ್ಲಿದೆ: ಮೊದಲು ವ್ಯವಸ್ಥೆ, ಆಮೇಲೆ ಎಲೆಕ್ಟ್ರಾನಿಕ್ಸ್, ಕೊನೆಗೆ ಕಾಂಕ್ರೀಟು. ಅಂದರೆ ರೈಲುಗಳನ್ನು ಓಡಿಸುವ ಪದ್ಧತಿಯನ್ನು ಬದಲಿಸಿದರೆ ಬಗೆಹರಿಯುವ ಸಮಸ್ಯೆಗೆ ಸಿಗ್ನಲ್ ಕೊಳ್ಳಬೇಡಿ, ಸಿಗ್ನಲಿನಿಂದ ಬಗೆಹರಿಯುವ ಸಮಸ್ಯೆಗೆ ಹೊಸ ಹಳಿ ಹಾಕಬೇಡಿ ಎಂದರ್ಥ. ಕಾಂಕ್ರೀಟು ಬೇಡವೇ ಬೇಡ ಎಂದು ಇದು ಹೇಳುವುದಿಲ್ಲ. ಅದನ್ನು ಎಲ್ಲಿ ಸುರಿಯಬೇಕೆಂದು ತಿಳಿದ ಮೇಲೆ ಸುರಿಯಿರಿ ಎನ್ನುತ್ತದೆ, ಅಷ್ಟೆ.

ಇರುವ ಹಳಿಯ ಲೆಕ್ಕ

ಬಹುತೇಕ ಉಪನಗರ ರೈಲುಗಳು ಈಗಾಗಲೇ ಇರುವ ಹಳಿಗಳ ಮೇಲೆ ಹುಟ್ಟುತ್ತವೆ. ಆ ಮಾರ್ಗವನ್ನು ಕಾಗದದಲ್ಲಿ ನೋಡಿ ಬಿಡದೆ ಉದ್ದಕ್ಕೂ ನಡೆದು ನೋಡಬೇಕು. ಏಕಮಾರ್ಗ (ಎರಡೂ ದಿಕ್ಕಿಗೆ ಒಂದೇ ಹಳಿ) ಎಲ್ಲಿಂದ ಎಲ್ಲಿಯವರೆಗಿದೆ, ಯಾವ ತಿರುವಿನಲ್ಲಿ ವೇಗದ ಮಿತಿ ಇದೆ, ಗೂಡ್ಸ್ ರೈಲುಗಳು ಯಾವ ಹೊತ್ತಿನಲ್ಲಿ ಬರುತ್ತವೆ, ಪ್ಲಾಟ್‌ಫಾರ್ಮುಗಳ ಉದ್ದ ಮತ್ತು ಎತ್ತರ ಎಷ್ಟು, ಜಂಕ್ಷನ್ನಿನಲ್ಲಿ ಒಂದು ರೈಲು ಇನ್ನೊಂದರ ದಾರಿಗೆ ಅಡ್ಡ ಬರುತ್ತದೆಯೇ ಎಂಬುದನ್ನೆಲ್ಲ ಪಟ್ಟಿ ಮಾಡಿಕೊಳ್ಳಿ. ಹಳಿ, ಸಿಗ್ನಲ್ ಮತ್ತು ವೇಳೆಯ ಹಂಚಿಕೆ ಯಾರ ಕೈಯಲ್ಲಿದೆ ಎಂಬುದನ್ನೂ ಬರೆದುಕೊಳ್ಳಿ. ದೂರದೂರಿನ ರೈಲು ತಡವಾಗಿ ಬಂದಾಗ ಲೋಕಲ್ ರೈಲನ್ನು ಬದಿಗೆ ನಿಲ್ಲಿಸಿ ಅದಕ್ಕೆ ದಾರಿ ಬಿಡುವ ಪದ್ಧತಿ ಇದ್ದರೆ, ಅದನ್ನು ಒಪ್ಪಂದದ ಮೂಲಕ ಬದಲಿಸದೆ ಎಷ್ಟು ಹಣ ಹೂಡಿದರೂ ಸಮಯಪಾಲನೆ ಸಿಗದು. ಟೊರಾಂಟೊ ಪ್ರದೇಶದ ‘ಗೋ’ ಎಂಬ ಹೆಸರಿನ ಉಪನಗರ ರೈಲುಗಳು 1967ರಲ್ಲಿ ಬೇರೆಯವರ ಹಳಿಗಳ ಮೇಲೆ ಓಡಲು ಶುರುವಾದವು. ಮುಂದೆ ಅಲ್ಲಿನ ಸಾರ್ವಜನಿಕ ಸಂಸ್ಥೆ ಆ ಹಳಿಗಳಲ್ಲಿ ಬಹುಪಾಲನ್ನು ಕೊಂಡುಕೊಂಡಿತು. ದಿನವಿಡೀ ರೈಲು ಓಡಿಸಬೇಕೆಂದರೆ ಹಳಿಯ ಮೇಲೆ ಹಿಡಿತ ಬೇಕು ಎಂಬ ತಿಳಿವಳಿಕೆಯೇ ಆ ಖರೀದಿಯ ಹಿಂದಿತ್ತು.

ಲೆವೆಲ್ ಕ್ರಾಸಿಂಗುಗಳನ್ನು ಪ್ರತ್ಯೇಕವಾಗಿ ಲೆಕ್ಕಹಾಕಿ. ಒಂದು ರೈಲಿಗೆ ಗೇಟು 3 ನಿಮಿಷ ಮುಚ್ಚುತ್ತದೆ ಎಂದುಕೊಂಡರೆ, ಎರಡೂ ದಿಕ್ಕು ಸೇರಿ ಗಂಟೆಗೆ 8 ರೈಲುಗಳಿದ್ದಾಗ ರಸ್ತೆ 24 ನಿಮಿಷ ಮುಚ್ಚಿರುತ್ತದೆ. ರೈಲುಗಳನ್ನು 16ಕ್ಕೆ ಏರಿಸಿದರೆ 48 ನಿಮಿಷ. ಅಷ್ಟರಲ್ಲಿ ಪ್ರತಿಭಟನೆಗೆ ಇಳಿಯುವವರು ರೈಲಿನ ಪ್ರಯಾಣಿಕರಲ್ಲ, ರಸ್ತೆಯಲ್ಲಿ ನಿಂತವರು. ಹಾಗಾಗಿ ಮೇಲ್ಸೇತುವೆ, ಕೆಳಸೇತುವೆಗಳ ಖರ್ಚನ್ನು ರಸ್ತೆ ಇಲಾಖೆಯ ತಲೆಗೆ ಕಟ್ಟಿ ಕೈತೊಳೆದುಕೊಳ್ಳದೆ ರೈಲು ಯೋಜನೆಯ ಒಳಗೇ ತರಬೇಕು.

ವೇಳಾಪಟ್ಟಿ ಬರೆಯುವುದು

ಈಗ ಮುಖ್ಯ ಕೆಲಸ. ಬೆಳಿಗ್ಗೆ ನಾಲ್ಕು ರೈಲು ಊರೊಳಗೆ, ಸಂಜೆ ನಾಲ್ಕು ಊರಾಚೆಗೆ ಎಂಬ ಹಳೆಯ ಮಾದರಿಯನ್ನು ಬಿಟ್ಟು, ಬೆಳಗಿನಿಂದ ರಾತ್ರಿಯವರೆಗೆ ಒಂದೇ ಅಂತರದಲ್ಲಿ, ಪ್ರತಿ ಗಂಟೆಯೂ ಅದೇ ನಿಮಿಷಕ್ಕೆ ಹೊರಡುವ ವೇಳಾಪಟ್ಟಿಯನ್ನು ಬರೆಯಿರಿ. ಪಾಳಿಯಲ್ಲಿ ದುಡಿಯುವವರು, ಆಸ್ಪತ್ರೆಗೆ ಹೋಗುವವರು, ಮಧ್ಯಾಹ್ನ ಕಾಲೇಜು ಮುಗಿಸುವವರು ನಾಲ್ಕು ರೈಲುಗಳ ವ್ಯವಸ್ಥೆಯನ್ನು ನಂಬಿ ಮನೆಯಿಂದ ಹೊರಡಲಾರರು. ಬೆಳಿಗ್ಗೆ ರೈಲಿನಲ್ಲಿ ಹೋಗಬಹುದಾದವರು ಕೂಡ ಮಧ್ಯಾಹ್ನ ಮನೆಗೆ ಮರಳಬೇಕಾದ ತುರ್ತು ಬರಬಹುದೆಂದು ಹೆದರಿ ಗಾಡಿಯಲ್ಲೇ ಹೋಗುತ್ತಾರೆ. ದಟ್ಟಣೆಯ ಹೊತ್ತಿಗೆಂದು ಕೊಂಡ ರೈಲುಗಳು ಮಧ್ಯಾಹ್ನ ಯಾರ್ಡಿನಲ್ಲಿ ಸುಮ್ಮನೆ ನಿಂತಿರುತ್ತವೆ. ಅವನ್ನು ಓಡಿಸಲು ತಗಲುವ ಹೆಚ್ಚುವರಿ ಖರ್ಚು ಅವನ್ನು ಕೊಂಡ ಖರ್ಚಿನ ಮುಂದೆ ಸಣ್ಣದು.

ವೇಳಾಪಟ್ಟಿಯೇ ಕಾಂಕ್ರೀಟಿನ ಜಾಗವನ್ನು ತೋರಿಸುವುದು ಹೇಗೆಂದು ಒಂದು ಉದಾಹರಣೆಯಲ್ಲಿ ನೋಡೋಣ. ಏಕಮಾರ್ಗದಲ್ಲಿ ಎರಡೂ ದಿಕ್ಕಿಗೆ 15 ನಿಮಿಷಕ್ಕೊಂದು ರೈಲು ಓಡಿಸಿದರೆ, ಪ್ರತಿ ರೈಲಿಗೂ ಏಳೂವರೆ ನಿಮಿಷಕ್ಕೊಮ್ಮೆ ಎದುರಿನಿಂದ ಇನ್ನೊಂದು ರೈಲು ಸಿಗುತ್ತದೆ. ಅರ್ಧ ಗಂಟೆಗೊಂದಾದರೆ 15 ನಿಮಿಷಕ್ಕೊಮ್ಮೆ. ಅವು ಸಂಧಿಸುವ ಜಾಗಗಳಲ್ಲಿ ಮಾತ್ರ ಜೋಡಿಹಳಿ ಅನಿವಾರ್ಯ. ಅದನ್ನು ತುಸು ಉದ್ದವಾಗಿಯೇ ಹಾಕಿದರೆ ಒಂದೆರಡು ನಿಮಿಷದ ತಡವನ್ನು ಅದು ನುಂಗಿಕೊಳ್ಳುತ್ತದೆ. ವೇಳಾಪಟ್ಟಿ ಇಲ್ಲದೆ ಹೊರಟವರು ಇಡೀ ಮಾರ್ಗಕ್ಕೆ ಜೋಡಿಹಳಿ ಕೇಳುತ್ತಾರೆ, ಹಣ ಸಾಲದೆ ಜಮೀನು ಸುಲಭವಾಗಿ ಸಿಕ್ಕ ಕಡೆ ಮಾತ್ರ ಹಾಕುತ್ತಾರೆ, ಕೊನೆಗೆ ರೈಲುಗಳು ಸಂಧಿಸಬೇಕಾದ ಜಾಗದಲ್ಲೇ ಏಕಮಾರ್ಗ ಉಳಿದಿರುತ್ತದೆ.

ರೈಲುಗಳ ಸಂಖ್ಯೆಯೂ ಹೀಗೆಯೇ ಸಿಗುತ್ತದೆ. ಒಂದು ತುದಿಯಿಂದ ಇನ್ನೊಂದಕ್ಕೆ 55 ನಿಮಿಷ, ಪ್ರತಿ ತುದಿಯಲ್ಲಿ ತಿರುಗಲು 10 ನಿಮಿಷ ಎಂದಿಟ್ಟುಕೊಳ್ಳಿ. ಒಂದು ಪೂರ್ತಿ ಸುತ್ತಿಗೆ 130 ನಿಮಿಷ. 15 ನಿಮಿಷಕ್ಕೊಂದು ರೈಲು ಬೇಕಾದರೆ 130ನ್ನು 15ರಿಂದ ಭಾಗಿಸಿ ಮೇಲಿನ ಪೂರ್ಣಾಂಕಕ್ಕೆ ಏರಿಸಿದಾಗ 9 ರೈಲುಗಳಾಗುತ್ತವೆ, ರಿಪೇರಿಗೆಂದು ಒಂದು ಹೆಚ್ಚು. ಈಗ ನಡುವಿನ 14 ನಿಲ್ದಾಣಗಳಲ್ಲಿ ಪ್ಲಾಟ್‌ಫಾರ್ಮನ್ನು ರೈಲಿನ ನೆಲದ ಎತ್ತರಕ್ಕೆ ತಂದು ಪ್ರತಿ ನಿಲುಗಡೆಯಲ್ಲಿ 30 ಸೆಕೆಂಡು ಉಳಿಸಿದಿರಿ ಎನ್ನೋಣ: ಒಂದು ದಿಕ್ಕಿಗೆ 7 ನಿಮಿಷ ಉಳಿತಾಯ, ಸುತ್ತು 116 ನಿಮಿಷಕ್ಕೆ ಇಳಿಯುತ್ತದೆ, 8 ರೈಲು ಸಾಕು. ಒಂದು ಇಡೀ ರೈಲಿನ ಬೆಲೆ, ಅದರ ಸಿಬ್ಬಂದಿಯ ಸಂಬಳ, ಡಿಪೋದಲ್ಲಿ ಅದು ನಿಲ್ಲುವ ಜಾಗ ಮೂರೂ ಉಳಿದವು, ಪ್ರಯಾಣಿಕರ ಸಮಯವೂ ಉಳಿಯಿತು. ಪ್ಲಾಟ್‌ಫಾರ್ಮ್ ಎತ್ತರಿಸುವುದು ಉದ್ಘಾಟನೆಯ ಫೋಟೋಗೆ ಒದಗುವ ಕೆಲಸವಲ್ಲವಾದ್ದರಿಂದ ಅದು ಪಟ್ಟಿಯ ಕೆಳಗೆ ಹೋಗುತ್ತದೆ ಎಂಬುದು ನನ್ನ ಗುಮಾನಿ.

ಈ ಕ್ರಮವನ್ನು ಶ್ರದ್ಧೆಯಿಂದ ಪಾಲಿಸಿದ ಊರೆಂದರೆ ಜ್ಯೂರಿಕ್. ಅಲ್ಲಿನ ಮತದಾರರು 1973ರಲ್ಲಿ ಮೆಟ್ರೊ ಮತ್ತು ಉಪನಗರ ರೈಲು ಎರಡನ್ನೂ ಒಳಗೊಂಡ ದೊಡ್ಡ ಯೋಜನೆಯನ್ನು ತಿರಸ್ಕರಿಸಿದ್ದರು. 1981ರಲ್ಲಿ, ಇರುವ ಹಳಿಗಳನ್ನು ಬಳಸಿಕೊಂಡು ತೀರಾ ಬೇಕಾದಲ್ಲಿ ಮಾತ್ರ ಸುರಂಗ ಕೊರೆಯುವ ಉಪನಗರ ರೈಲಿಗೆ ಒಪ್ಪಿಗೆ ಕೊಟ್ಟರು. 1990ರ ಮೇ ತಿಂಗಳಲ್ಲಿ ರೈಲು ಶುರುವಾದಾಗ, ಬಸ್, ಟ್ರಾಮ್, ದೋಣಿ, ರೈಲುಗಳಿಗೆಲ್ಲ ಒಂದೇ ಟಿಕೆಟ್ ನಡೆಯುವ ಪ್ರಾದೇಶಿಕ ಸಾರಿಗೆ ಒಕ್ಕೂಟವೂ ಜೊತೆಗೇ ಕೆಲಸ ಆರಂಭಿಸಿತು. ಇದಕ್ಕೆ ವಿರುದ್ಧವಾದದ್ದು ಫಿಲಡೆಲ್ಫಿಯಾದ ಕಥೆ. ಎರಡು ಹಳೆಯ ಕಂಪನಿಗಳ ಮಾರ್ಗಗಳನ್ನು ನಗರದ ನಡುವೆ ಜೋಡಿಸುವ ನಾಲ್ಕು ಹಳಿಗಳ ಸುರಂಗ 1984ರಲ್ಲಿ ಅಲ್ಲಿ ತೆರೆಯಿತು. ಎಂಜಿನಿಯರಿಂಗ್ ದೃಷ್ಟಿಯಿಂದ ಅದು ಹಲವು ಊರುಗಳು ಅಸೂಯೆಪಡುವಂಥ ಕೆಲಸ. ಆದರೆ ರೈಲುಗಳ ಅಂತರ ಹಳೆಯ ಪದ್ಧತಿಯಲ್ಲೇ ಉಳಿದು, ದಟ್ಟಣೆಯ ಹೊತ್ತು ಮುಗಿದ ಮೇಲೆ ಹಲವು ಮಾರ್ಗಗಳಲ್ಲಿ ಗಂಟೆಗೊಂದೇ ರೈಲು ಎಂಬ ಸ್ಥಿತಿ ಮುಂದುವರಿದದ್ದರಿಂದ ಆ ಸುರಂಗದ ಸಾಮರ್ಥ್ಯ ಪೂರ್ತಿಯಾಗಿ ಬಳಕೆಗೆ ಬರಲಿಲ್ಲ.

ವಿದ್ಯುತ್, ಬಾಗಿಲು, ಪ್ಲಾಟ್‌ಫಾರ್ಮ್

ನಿಲ್ದಾಣಗಳು ಹತ್ತಿರ ಹತ್ತಿರ ಇರುವ ಮಾರ್ಗದಲ್ಲಿ ಗರಿಷ್ಠ ವೇಗಕ್ಕಿಂತ, ನಿಂತ ರೈಲು ಎಷ್ಟು ಬೇಗ ವೇಗ ಹಿಡಿಯುತ್ತದೆ ಎಂಬುದೇ ಮುಖ್ಯ. ಒಂದು ಡೀಸೆಲ್ ಎಂಜಿನ್ ಹತ್ತು ಬೋಗಿಗಳನ್ನು ಎಳೆಯುವುದಕ್ಕೂ, ಹಲವು ಬೋಗಿಗಳ ಅಡಿಯಲ್ಲಿ ಮೋಟಾರುಗಳಿರುವ ವಿದ್ಯುತ್ ರೈಲು ತಾನೇ ಮುನ್ನುಗ್ಗುವುದಕ್ಕೂ ಇರುವ ವ್ಯತ್ಯಾಸ ಪ್ರತಿ ನಿಲ್ದಾಣದಲ್ಲೂ ಕಾಣುತ್ತದೆ. ಜೊತೆಗೆ ಇಂಥ ರೈಲಿಗೆ ಎರಡೂ ತುದಿಯಲ್ಲಿ ಚಾಲಕರ ಕೋಣೆ ಇರುವುದರಿಂದ ಎಂಜಿನ್ ಬಿಚ್ಚಿ ಸುತ್ತಿಸಿ ಜೋಡಿಸುವ ರಗಳೆಯೂ ಇಲ್ಲ. ಸ್ಯಾನ್ ಫ್ರಾನ್ಸಿಸ್ಕೊ ಮತ್ತು ಸ್ಯಾನ್ ಹೋಸೆ ನಡುವಿನ ಕ್ಯಾಲ್‌ಟ್ರೇನ್ 2024ರ ಸೆಪ್ಟೆಂಬರಿನಲ್ಲಿ ಡೀಸೆಲ್ ಬಿಟ್ಟು ವಿದ್ಯುತ್ತಿಗೆ ಬಂದಾಗ ಪ್ರಯಾಣದ ಸಮಯ ಇಳಿದದ್ದಲ್ಲದೆ, ವಾರಾಂತ್ಯದಲ್ಲಿ ಗಂಟೆಗೊಂದಿದ್ದ ರೈಲು ಅರ್ಧ ಗಂಟೆಗೊಂದಾಯಿತು.

ಎಲ್ಲವೂ ಸಿದ್ಧವಾಗುವ ತನಕ ಕಾಯಬೇಕಾಗಿಲ್ಲ ಎಂಬುದಕ್ಕೆ ಆಕ್ಲೆಂಡ್ ಸಾಕ್ಷಿ. ಆಸ್ಟ್ರೇಲಿಯಾದ ಪರ್ತ್ ನಗರ ತನ್ನ ಮಾರ್ಗಗಳನ್ನು ವಿದ್ಯುದೀಕರಿಸಿ ಮಾರಿದ ಹಳೆಯ ಡೀಸೆಲ್ ರೈಲುಗಳನ್ನು ಆಕ್ಲೆಂಡ್ 1993ರಲ್ಲಿ ಕೊಂಡಿತು. 1994ರ ಸುಮಾರಿಗೆ ಅಲ್ಲಿ ವರ್ಷಕ್ಕೆ 10 ಲಕ್ಷದಷ್ಟೇ ಪ್ರಯಾಣಗಳು ನಡೆಯುತ್ತಿದ್ದವು. 2003ರಲ್ಲಿ ಹಳಿಗಳನ್ನು ನಗರದ ಹೃದಯಭಾಗದ ಬ್ರಿಟೊಮಾರ್ಟ್ ನಿಲ್ದಾಣದವರೆಗೆ ತರಲಾಯಿತು, 2014ರಲ್ಲಿ ವಿದ್ಯುತ್ ರೈಲು ಬಂತು, 2017ರ ಹೊತ್ತಿಗೆ ಪ್ರಯಾಣಗಳ ಸಂಖ್ಯೆ 2 ಕೋಟಿ ದಾಟಿತು. ಸೆಕೆಂಡ್ ಹ್ಯಾಂಡ್ ರೈಲು ಎಂದು ಮೂಗು ಮುರಿದಿದ್ದರೆ ನಂತರದ ಹೂಡಿಕೆಗೆ ಬೇಕಾದ ಪ್ರಯಾಣಿಕರೇ ಇರುತ್ತಿರಲಿಲ್ಲ.

ಹೊಸ ರೈಲು ಆರಿಸುವಾಗ ಆಸನಗಳನ್ನು ಎಣಿಸುವ ಮೊದಲು ಬಾಗಿಲುಗಳನ್ನು ಎಣಿಸಿ. ಎರಡೇ ಕಿರಿದಾದ ಬಾಗಿಲುಗಳಿರುವ ಬೋಗಿಯಲ್ಲಿ ಇಳಿಯುವವರು ಇಳಿದು ಮುಗಿಯುವವರೆಗೆ ಹತ್ತುವವರು ಕಾಯುತ್ತಾರೆ, ಹಿಂದಿನ ರೈಲು ಸಿಗ್ನಲಿನಲ್ಲಿ ಕಾಯುತ್ತದೆ, ಅದರ ಹಿಂದಿನದೂ ಕಾಯುತ್ತದೆ. ಪ್ಯಾರಿಸಿನ ಉಪನಗರ ರೈಲಿನ ಆರ್‌ಇಆರ್ ಎ ಮಾರ್ಗದಲ್ಲಿ ಎರಡು ಅಂತಸ್ತಿನ ಬೋಗಿಗಳನ್ನು ತಂದಾಗಲೂ ಪ್ರತಿ ಬದಿಗೆ ಮೂರು ಅಗಲವಾದ ಬಾಗಿಲುಗಳನ್ನಿಟ್ಟದ್ದು ಇದಕ್ಕಾಗಿಯೇ. ಮ್ಯೂನಿಕ್‌ನ ಮುಖ್ಯ ನಿಲ್ದಾಣದಲ್ಲೂ ಕಾರ್ಲ್ಸ್‌ಪ್ಲಾಟ್ಸ್‌ನಲ್ಲೂ ಉಪನಗರ ರೈಲಿನ ಹಳಿಯ ಎರಡೂ ಬದಿಗೆ ಪ್ಲಾಟ್‌ಫಾರ್ಮುಗಳಿವೆ: ಮೊದಲು ಒಂದು ಬದಿಯ ಬಾಗಿಲು ತೆರೆದು ಜನ ಇಳಿಯುತ್ತಾರೆ, ಮರುಕ್ಷಣವೇ ಇನ್ನೊಂದು ಬದಿಯಿಂದ ಹತ್ತುತ್ತಾರೆ. ಎದುರುಬದುರಿನ ತಳ್ಳಾಟವೇ ಇಲ್ಲ.

ಟೆಂಡರು ಕರೆಯುವ ಮುನ್ನ ಟೇಪು ಹಿಡಿದು ಪ್ಲಾಟ್‌ಫಾರ್ಮ್ ಅಳೆಯಿರಿ ಎಂದರೆ ತಮಾಷೆ ಅನ್ನಿಸಬಹುದು. ಫ್ರಾನ್ಸಿನಲ್ಲಿ ಪ್ರಾದೇಶಿಕ ಸೇವೆಗೆಂದು ಮಾಡಿಸಿದ ಹೊಸ ರೈಲುಗಳು ಸುಮಾರು 1,300 ಹಳೆಯ ಪ್ಲಾಟ್‌ಫಾರ್ಮುಗಳಿಗೆ ತುಸು ಅಗಲವಾದವೆಂದು 2014ರಲ್ಲಿ ಬೆಳಕಿಗೆ ಬಂತು. ಅಂಚುಗಳನ್ನು ಕೆತ್ತಿ ಸರಿಪಡಿಸಲು ಸುಮಾರು 5 ಕೋಟಿ ಯೂರೊ ಬೇಕಾಯಿತು. ಹಳಿ ನೋಡಿಕೊಳ್ಳುವ ಸಂಸ್ಥೆ ಒಂದು, ರೈಲು ಓಡಿಸುವ ಸಂಸ್ಥೆ ಇನ್ನೊಂದು ಆಗಿದ್ದಲ್ಲಿ ಇಂಥ ಅಳತೆ ಯಾರ ಜವಾಬ್ದಾರಿ ಎಂಬುದನ್ನು ಬರವಣಿಗೆಯಲ್ಲೇ ಗೊತ್ತುಪಡಿಸಬೇಕು.

ನಗರದ ನಡುವೆ

ಹೆಚ್ಚಿನ ಊರುಗಳಲ್ಲಿ ಉಸಿರು ಕಟ್ಟುವ ಜಾಗ ಮುಖ್ಯ ನಿಲ್ದಾಣವೇ. ಹಳಿ ಮುಗಿಯುವ ನಿಲ್ದಾಣದಲ್ಲಿ ಒಂದು ರೈಲು ಬಂದು, ಜನ ಇಳಿದು, ಹತ್ತಿ, ಮತ್ತೆ ಹೊರಡಲು 20 ನಿಮಿಷ ಹಿಡಿದರೆ ಒಂದು ಪ್ಲಾಟ್‌ಫಾರ್ಮಿನಿಂದ ಗಂಟೆಗೆ 3 ರೈಲುಗಳಷ್ಟೇ ಸಾಧ್ಯ. ಅದೇ ರೈಲು ಅಲ್ಲೇ ಕೊನೆಗೊಳ್ಳದೆ ಊರಿನ ಇನ್ನೊಂದು ಬದಿಗೆ ಸಾಗುವಂತಿದ್ದರೆ ಒಂದೇ ಪ್ಲಾಟ್‌ಫಾರ್ಮ್ ಮೂರು ನಿಮಿಷಕ್ಕೊಂದರಂತೆ 20 ರೈಲುಗಳನ್ನು ನಿಭಾಯಿಸಬಲ್ಲದು. ಮ್ಯೂನಿಕ್ 1972ರ ಒಲಿಂಪಿಕ್ಸ್ ಹೊತ್ತಿಗೆ ಪೂರ್ವ, ಪಶ್ಚಿಮದ ಮಾರ್ಗಗಳನ್ನು ಜೋಡಿಸುವ ಸುರಂಗ ಕಟ್ಟಿದ್ದೂ, ಲಂಡನ್ ಎಲಿಜಬೆತ್ ಮಾರ್ಗದ ನಡುಭಾಗದಲ್ಲಿ ದಟ್ಟಣೆಯ ಹೊತ್ತಿನಲ್ಲಿ ಗಂಟೆಗೆ 24 ರೈಲು ಓಡಿಸುವುದೂ ಇದೇ ಲೆಕ್ಕದ ಮೇಲೆ.

ಆದರೆ ಸುರಂಗಕ್ಕೆ ಕೈಹಾಕುವ ಮೊದಲು ನಿಲ್ದಾಣದಲ್ಲಿ ತಿರುಗುವ ಸಮಯವನ್ನು 20ರಿಂದ 10 ನಿಮಿಷಕ್ಕೆ ಇಳಿಸಲು ಸಾಧ್ಯವೇ ನೋಡಿ. ಮರಳುವ ರೈಲಿನ ಚಾಲಕರನ್ನು ಪ್ಲಾಟ್‌ಫಾರ್ಮಿನ ಹೊರತುದಿಯಲ್ಲೇ ಸಿದ್ಧವಾಗಿ ನಿಲ್ಲಿಸುವುದು, ಶುಚಿಗೊಳಿಸುವ ಕೆಲಸವನ್ನು ದೂರದ ತುದಿಗೆ ವರ್ಗಾಯಿಸುವುದು ಮುಂತಾದ ಖರ್ಚಿಲ್ಲದ ಬದಲಾವಣೆಗಳಿಂದ ಸಾಮರ್ಥ್ಯ ಇಮ್ಮಡಿಯಾಗುತ್ತದೆ. ಸುರಂಗ ದುಬಾರಿ, ಅದರ ಬೆಲೆ ಬೆಳೆಯುತ್ತಲೇ ಹೋಗುತ್ತದೆ. ಮ್ಯೂನಿಕ್‌ನ ಎರಡನೆಯ ಸುರಂಗದ ಕಾಮಗಾರಿ 2017ರಲ್ಲಿ ಶುರುವಾದಾಗ ಅಂದಾಜು 3.8 ಶತಕೋಟಿ ಯೂರೊ ಇದ್ದದ್ದು ಐದೇ ವರ್ಷಗಳಲ್ಲಿ 7 ಶತಕೋಟಿಯ ಆಸುಪಾಸಿಗೆ ಏರಿತು, ಮುಗಿಯುವ ಗಡುವು 2030ರ ದಶಕದ ನಡುವಿಗೆ ಜಾರಿತು.

ನಗರದ ಒಳಗೆ ಸಮಸ್ಯೆ ಬಗೆಹರಿದರೂ ಹೊರಗೆ ಲೋಕಲ್, ಎಕ್ಸ್‌ಪ್ರೆಸ್, ಗೂಡ್ಸ್ ಮೂರೂ ಒಂದೇ ಜೋಡಿಹಳಿಯ ಮೇಲಿದ್ದರೆ ನಿಧಾನದ್ದು ವೇಗದ್ದನ್ನು ಕಟ್ಟಿಹಾಕುತ್ತದೆ. ಟೋಕಿಯೊ 1960ರ ದಶಕದಿಂದ ಐದು ದಿಕ್ಕುಗಳ ಮುಖ್ಯ ಮಾರ್ಗಗಳಲ್ಲಿ ಹಳಿಗಳನ್ನು ಹೆಚ್ಚಿಸಿ ಊರಿನ ಜನರ ರೈಲುಗಳನ್ನು ದೂರದ ರೈಲುಗಳಿಂದ ಬೇರ್ಪಡಿಸಿತು. ಮುಂಬೈಯಲ್ಲಿ ಐದನೆಯ, ಆರನೆಯ ಹಳಿಗಳನ್ನು ಹಾಕುತ್ತಿರುವುದರ ಉದ್ದೇಶವೂ ಅದೇ.

ರೈಲಿನವರೆಗೆ ಬರುವ ದಾರಿ

ನಿಲ್ದಾಣಕ್ಕೆ ಜನ ಹೇಗೆ ಬರುತ್ತಾರೆ ಎಂಬ ಪ್ರಶ್ನೆಗೆ ಎಲ್ಲರಿಗೂ ಮೊದಲು ಹೊಳೆಯುವ ಉತ್ತರ ಕಾರು ನಿಲ್ಲಿಸುವ ಬಯಲು. ಆ ಬಯಲು ಬೆಳಿಗ್ಗೆ ಎಂಟಕ್ಕೆ ತುಂಬಿಬಿಟ್ಟರೆ ಒಂಬತ್ತಕ್ಕೆ ಬಂದವರು ವಾಪಸು ಹೋಗುತ್ತಾರೆ, ಮನೆ, ಅಂಗಡಿ, ಕಚೇರಿ ಕಟ್ಟಬಹುದಾಗಿದ್ದ ಅತ್ಯುತ್ತಮ ಜಾಗವೂ ಹೋಗುತ್ತದೆ. ಪರ್ತ್ ಬೇರೆ ದಾರಿ ಹಿಡಿಯಿತು. 2007ರ ಡಿಸೆಂಬರಿನಲ್ಲಿ ತೆರೆದ, ಸುಮಾರು 70 ಕಿ.ಮೀ. ಉದ್ದದ ಮ್ಯಾಂಡುರಾ ಮಾರ್ಗದ ಒಂದು ದೊಡ್ಡ ಭಾಗ ಹೆದ್ದಾರಿಯ ನಡುವಿನ ಜಾಗದಲ್ಲಿದೆ. ನಡೆದು ಬರುವವರು ಕಡಿಮೆ ಎಂದು ಗೊತ್ತಿದ್ದದ್ದರಿಂದಲೇ ಬಸ್ಸುಗಳು ನಿಲ್ದಾಣದ ತಲೆಯ ಮೇಲೇ ಬಂದು ನಿಲ್ಲುವಂತೆ, ರೈಲಿನ ವೇಳೆಗೆ ಹೊಂದುವಂತೆ ಯೋಜಿಸಲಾಯಿತು. ನಗರಕ್ಕೆ ಸಮಾನಾಂತರವಾಗಿ ಓಡುತ್ತಿದ್ದ ಬಸ್ಸುಗಳನ್ನು ರೈಲಿಗೆ ಜನ ತರುವ ಬಸ್ಸುಗಳಾಗಿ ಬದಲಿಸುವಾಗ ಟಿಕೆಟ್ ಒಂದೇ ಆಗಿರಲೇಬೇಕು. ಬಸ್ಸಿಗೊಂದು, ರೈಲಿಗೊಂದು ದುಡ್ಡು ಕೊಡಬೇಕಾಗಿ ಬಂದರೆ, ನೇರ ಬಸ್ಸನ್ನು ಕಿತ್ತುಕೊಂಡದ್ದಕ್ಕೆ ಜನ ಸಿಟ್ಟಾಗುವುದು ನ್ಯಾಯವೇ. ಹಲವು ಸಂಸ್ಥೆಗಳ ವಾಹನಗಳಿಗೆ ಒಂದೇ ದರಪಟ್ಟಿ ಎಂಬ ಏರ್ಪಾಡನ್ನು ಹ್ಯಾಂಬರ್ಗ್ 1960ರ ದಶಕದಲ್ಲೇ ಮಾಡಿ ತೋರಿಸಿದೆ, ಆದ್ದರಿಂದ ತಂತ್ರಜ್ಞಾನ ಇನ್ನೂ ಬಂದಿಲ್ಲ ಎಂಬ ನೆಪಕ್ಕೆ ಜಾಗವಿಲ್ಲ.

ಹಣ

ಅಂದಾಜುಗಳನ್ನು ಅನುಮಾನದಿಂದ ಓದಿ. ಡೆನ್ಮಾರ್ಕಿನ ಬೆಂಟ್ ಫ್ಲುಬ್ಯೆರ್ ಮತ್ತು ಸಂಗಡಿಗರು 258 ಸಾರಿಗೆ ಯೋಜನೆಗಳನ್ನು ಪರಿಶೀಲಿಸಿ 2002ರಲ್ಲಿ ಪ್ರಕಟಿಸಿದಂತೆ, ರೈಲು ಯೋಜನೆಗಳ ನಿಜವಾದ ಖರ್ಚು ಅಂದಾಜಿಗಿಂತ ಸರಾಸರಿ ಸುಮಾರು ಶೇ 45ರಷ್ಟು ಮೀರಿತ್ತು. ನಿಮ್ಮ ಯೋಜನೆ ಅವೆಲ್ಲಕ್ಕಿಂತ ಭಿನ್ನ ಎಂದು ಸಲಹೆಗಾರರು ಹೇಳಿದರೆ, ಅಂಥದೇ ಹತ್ತು ಮುಗಿದ ಯೋಜನೆಗಳ ಆರಂಭದ ಅಂದಾಜನ್ನೂ ಕೊನೆಯ ಲೆಕ್ಕವನ್ನೂ ಪಕ್ಕಪಕ್ಕ ಇಟ್ಟು ತೋರಿಸಲು ಕೇಳಿ. ಹೂಡಿಕೆಯನ್ನು ಹಂತಗಳಾಗಿ ಒಡೆಯಿರಿ, ಮತ್ತು ಪ್ರತಿ ಹಂತ ಮುಗಿದಾಗಲೂ ವೇಳಾಪಟ್ಟಿಯಲ್ಲಿ ಕಾಣುವ ಸುಧಾರಣೆ ಇರಬೇಕೆಂಬ ಷರತ್ತು ಹಾಕಿ. ಎರಡನೆಯ ಹಂತಕ್ಕೆ ಹಣ ಬಾರದೆ ಹೋದರೂ ಮೊದಲನೆಯದು ವ್ಯರ್ಥವಾಗಬಾರದು.

ಹಣ ತರುವ ದಾರಿಗಳು ಹಲವು. ಪ್ಯಾರಿಸ್ ಪ್ರದೇಶದಲ್ಲಿ 1971ರಿಂದ ಉದ್ಯೋಗದಾತರು ತಾವು ಕೊಡುವ ಸಂಬಳದ ಮೇಲೆ ಸಾರಿಗೆ ತೆರಿಗೆ ಕಟ್ಟುತ್ತಿದ್ದಾರೆ. ಕೆಲಸಗಾರರು ರೈಲಿನಲ್ಲಿ ಬರುವುದರ ಲಾಭ ಅವರಿಗೂ ಇದೆ ಎಂಬುದು ಅದರ ತರ್ಕ. ಲಂಡನ್ 2010ರಿಂದ ದೊಡ್ಡ ವಾಣಿಜ್ಯ ಕಟ್ಟಡಗಳ ಮೇಲೆ ಹೆಚ್ಚುವರಿ ಕರ ಹಾಕಿ ಎಲಿಜಬೆತ್ ಮಾರ್ಗಕ್ಕೆ ಹಣ ಕೂಡಿಸಿತು. ಜಪಾನಿನಲ್ಲಿ ಇಚಿಜೊ ಕೊಬಾಯಾಶಿ 1910ರಲ್ಲಿ ಒಸಾಕಾದ ಹೊರವಲಯಕ್ಕೆ ರೈಲು ತೆರೆದಾಗ ಹಳಿಯ ಪಕ್ಕದ ಜಮೀನಿನಲ್ಲಿ ಮನೆಗಳನ್ನು ಕಟ್ಟಿ ಕಂತಿನ ಮೇಲೆ ಮಾರಿದರು, 1929ರಲ್ಲಿ ಕೊನೆಯ ನಿಲ್ದಾಣದಲ್ಲೇ ದೊಡ್ಡ ಅಂಗಡಿ ಮಳಿಗೆ ತೆರೆದರು. ಜಮೀನಿನ ಬೆಲೆ ಏರುವುದು ರೈಲಿನಿಂದಲೇ ಆದರೆ ಆ ಏರಿಕೆಯ ಪಾಲು ರೈಲಿಗೆ ಬರಬೇಕೆಂಬುದು ಸರಿಯಾದ ವಾದ. ಆದರೆ ಮಾರ್ಗ ಘೋಷಣೆಯಾದ ಮೇಲೆ ಕರದ ಬಗ್ಗೆ ಯೋಚಿಸುವವರ ಕೈಗೆ ಅದು ಸಿಗುವುದಿಲ್ಲ. ಘೋಷಣೆಗೆ ಮೊದಲೇ ಕಾನೂನು ಸಿದ್ಧವಿರಬೇಕು.

ಕಟ್ಟುವ ಹಣಕ್ಕಿಂತ ಓಡಿಸುವ ಹಣ ಸಿಗುವುದು ಕಷ್ಟ, ಯಾಕೆಂದರೆ ಅದು ಪ್ರತಿ ವರ್ಷ ಬೇಕು ಮತ್ತು ಅದಕ್ಕೆ ಶಂಕುಸ್ಥಾಪನೆ ಇಲ್ಲ. ಮಂಜೂರಾತಿಯ ಆದೇಶದಲ್ಲೇ ಚಾಲಕರು, ವಿದ್ಯುತ್, ನಿರ್ವಹಣೆ, ಬಿಡಿಭಾಗ ಇವುಗಳ ಹತ್ತು ವರ್ಷದ ಖರ್ಚನ್ನೂ, ಅದನ್ನು ಕೊಡುವವರು ಯಾರೆಂಬುದನ್ನೂ ಬರೆಸಿ. ಚಾಲಕರ ತರಬೇತಿಗೆ ಬಹಳ ಕಾಲ ಹಿಡಿಯುತ್ತದಾದ್ದರಿಂದ ರೈಲುಗಳಿಗೆ ಆರ್ಡರ್ ಕೊಟ್ಟ ದಿನವೇ ನೇಮಕಾತಿಯ ಕಡತವೂ ತೆರೆಯಬೇಕು.

ತೆರೆಯುವ ಮುನ್ನ, ತೆರೆದ ಮೇಲೆ

ಎಲಿಜಬೆತ್ ಮಾರ್ಗ 2018ರ ಡಿಸೆಂಬರಿನಲ್ಲಿ ತೆರೆಯಬೇಕಾಗಿತ್ತು, ತೆರೆದದ್ದು 2022ರ ಮೇ 24ರಂದು. ಸುರಂಗ ಕೊರೆಯುವ ಕೆಲಸ 2015ರಲ್ಲೇ ಮುಗಿದಿತ್ತು. ನಿಲ್ದಾಣಗಳನ್ನು ಸಜ್ಜುಗೊಳಿಸುವುದು, ಒಂದೇ ರೈಲು ಮೂರು ಬಗೆಯ ಸಿಗ್ನಲ್ ವ್ಯವಸ್ಥೆಗಳ ನಡುವೆ ದಾಟುವಂತೆ ತಂತ್ರಾಂಶವನ್ನು ಪಳಗಿಸುವುದು ವರ್ಷಗಳನ್ನು ನುಂಗಿತು. ಹಾಗಾಗಿ ಕಾಮಗಾರಿಯ ವೇಳೆ ಮೀರಿದಾಗ ಪರೀಕ್ಷಾರ್ಥ ಓಡಾಟದ ತಿಂಗಳುಗಳನ್ನು ಕತ್ತರಿಸಿ ಉದ್ಘಾಟನೆಯ ದಿನಾಂಕ ಉಳಿಸಿಕೊಳ್ಳುವ ಆಸೆಗೆ ಬೀಳಬೇಡಿ. ಪ್ರಯಾಣಿಕರಿಲ್ಲದೆ, ಆದರೆ ಪೂರ್ತಿ ವೇಳಾಪಟ್ಟಿಯಂತೆ, ಕೆಲವು ವಾರ ರೈಲುಗಳನ್ನು ಓಡಿಸಿ. ಬೇಕೆಂದೇ ಒಂದು ರೈಲನ್ನು ನಡುದಾರಿಯಲ್ಲಿ ಕೆಟ್ಟಂತೆ ನಿಲ್ಲಿಸಿ, ಉಳಿದವು ಎಷ್ಟು ಹೊತ್ತಿಗೆ ಸರಿಹೋಗುತ್ತವೆ ನೋಡಿ.

ಸೇವೆ ಶುರುವಾದ ಮೇಲೆ ಕೊನೆಯ ನಿಲ್ದಾಣಕ್ಕೆ ತಲಪಿದ ಸಮಯವನ್ನಷ್ಟೇ ಅಳೆದರೆ ಮೋಸಹೋಗುತ್ತೀರಿ, ಯಾಕೆಂದರೆ ಕೊನೆಯ ಎರಡು ನಿಲ್ದಾಣಗಳ ನಡುವೆ ನಿಮಿಷಗಳನ್ನು ಧಾರಾಳವಾಗಿ ಸೇರಿಸಿಟ್ಟರೆ ಎಲ್ಲ ರೈಲುಗಳೂ ಕಾಗದದ ಮೇಲೆ ಸಕಾಲಕ್ಕೆ ತಲಪುತ್ತವೆ. ನಡುವಿನ ಎರಡು ಮೂರು ನಿಲ್ದಾಣಗಳಲ್ಲಿ ಗಡಿಯಾರ ಹಿಡಿದು ಕುಳಿತು, ರೈಲು ಬಂದ ಸೆಕೆಂಡು, ಬಾಗಿಲು ತೆರೆದ ಸೆಕೆಂಡು, ಮುಚ್ಚಿದ ಸೆಕೆಂಡು, ಚಕ್ರ ಉರುಳಿದ ಸೆಕೆಂಡು ಬರೆದುಕೊಳ್ಳಿ. ಹೊರಗೆ ನಿಂತ ಬಸ್ಸು ಈ ರೈಲಿನಿಂದ ಇಳಿದವರು ಬರುವ ಮೊದಲೇ ಹೊರಟುಹೋಯಿತೇ ಎಂಬುದನ್ನೂ ಅದರ ಪಕ್ಕದಲ್ಲೇ ಬರೆಯಿರಿ. ಮುಂದಿನ ವರ್ಷದ ಆಯವ್ಯಯಕ್ಕೆ ಬೇಡಿಕೆ ಸಲ್ಲಿಸುವಾಗ ಮೇಲೆ ಲಗತ್ತಿಸಬೇಕಾದ ಹಾಳೆ ಅದು.